ಮೊಹರು ಓದುವ ಝೆರಾಕ್ಸ್ ಕಾಕಾ
ಬೆಳಗಾವಿಯ ನ್ಯಾಯಾಲಯದ ಹತ್ತಿರದ ಓಣಿಯಲ್ಲಿರುವ ಈ ಝೆರಾಕ್ಸ್ ಅಂಗಡಿಗೆ ಆರು ವರ್ಷಗಳಿಂದ ಹೋಗುತ್ತಿದ್ದೇನೆ. ನಾನು ಸರ್ಕಾರಿ ವಕೀಲೆ. ಟೆಂಡರ್ ಮೇಲ್ಮನವಿ ಆಲಿಸುವ ಅಧಿಕಾರಿಗೆ ಕಡತ ಓದಿ ಟಿಪ್ಪಣಿ ಬರೆದುಕೊಡುತ್ತೇನೆ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ 16ನೇ ಕಲಮಿನಂತೆ ಆದೇಶ ಕೈಸೇರಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. ಹಾಗಾಗಿ ನಾನು ಮೊದಲು ಹುಡುಕುವುದು ಸ್ವೀಕೃತಿ ಮೊಹರಿನ ತಾರೀಖನ್ನು, ವಾದವನ್ನಲ್ಲ. ಅದು ಮಸುಕಾಗಿ ಬಂದರೆ ಇಲ್ಲಿಯ ಕಾಕಾ, "ನಿಲ್ಲಿರಿ ಮೇಡಂ, ಮೊಹರು ಮೂಡಿಲ್ಲ" ಎಂದು ತಾವಾಗಿಯೇ ಮತ್ತೊಂದು ಪ್ರತಿ ತೆಗೆಯುತ್ತಾರೆ. ಹೆಚ್ಚಿನ ದುಡ್ಡು ಕೇಳುವುದಿಲ್ಲ.

ಪ್ರತಿಗಳನ್ನು ಕಡತವಾಗಿ ಹೊಲಿಯುವುದರಲ್ಲಿ ಮಾತ್ರ ವಿಪರೀತ ಅವಸರ. ಕಳೆದ ತಿಂಗಳು ದರಪಟ್ಟಿಯನ್ನೇ ತಲೆಕೆಳಗಾಗಿ ಹೊಲಿದಿದ್ದರು. ಗುತ್ತಿಗೆದಾರರ ವಕೀಲರು ವಿಚಾರಣೆಯಲ್ಲೇ ನಕ್ಕರು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ, ಎಂಥ ತುರ್ತಿದ್ದರೂ, ಬಾಗಿಲು ಹಾಕಿರುತ್ತದೆ. ಚಿಲ್ಲರೆ ಒಯ್ಯಿರಿ.