ಬಿಪಿ ಇಳಿದಿಲ್ಲ ಅಂತ ಇನ್ನೊಂದು ಮಾತ್ರೆ ನುಂಗಬೇಡಿ

ಮನೆಯಲ್ಲಿ ಬಿಪಿ ಮಾತ್ರೆ ತಗೊಳ್ಳುವ ಹಿರಿಯರಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ.

ನಮ್ಮ ಅಪ್ಪನಿಗೆ 71 ವರ್ಷ. ದಿನಾ ಬೆಳಿಗ್ಗೆ ಅಮ್ಲೋಡಿಪಿನ್, ಅಟೆನೊಲಾಲ್ ಎರಡೂ ಸೇರಿದ ಒಂದು ಮಾತ್ರೆ. ಹೋದ ತಿಂಗಳು ಒಂದು ಸಂಜೆ ತಲೆ ಭಾರ ಅಂತ ಮನೆಯಲ್ಲೇ ಬಿಪಿ ನೋಡಿಕೊಂಡರು. 180 ಇತ್ತು. ಗಾಬರಿಯಾಗಿ ಒಂದು ಮಾತ್ರೆ ನುಂಗಿದರು. ಅರ್ಧ ಗಂಟೆ ಬಿಟ್ಟು ನೋಡಿದರೆ 176. ಮತ್ತೊಂದು. ಹೀಗೇ ಮಲಗುವ ಹೊತ್ತಿಗೆ ನಾಲ್ಕು. ಯಾರಿಗೂ ಹೇಳಲಿಲ್ಲ.

ಅಮ್ಲೋಡಿಪಿನ್ ನಿಧಾನದ ಮಾತ್ರೆ. ನುಂಗಿದ 6ರಿಂದ 12 ಗಂಟೆಗೆ ಅದು ರಕ್ತದಲ್ಲಿ ಪೂರ್ತಿ ಏರುತ್ತದೆ. ಅರ್ಧ ಗಂಟೆಗೆ ಬಿಪಿ ಇಳಿಯಲಿಲ್ಲ ಅಂದರೆ ಮಾತ್ರೆ ಸೋತಿದೆ ಅಂತಲ್ಲ, ಇನ್ನೂ ಶುರುವೇ ಮಾಡಿಲ್ಲ. ಇದು ನಮಗೆ ಗೊತ್ತಿರಲಿಲ್ಲ.

ರಾತ್ರಿ ಚೆನ್ನಾಗೇ ಊಟ ಮಾಡಿದ್ದರು. ಬೆಳಗಿನ ಜಾವ ಬಚ್ಚಲಲ್ಲಿ ದಡ್ ಅಂತ ಸದ್ದು. ಬನಿಯನ್ ಬೆವರಲ್ಲಿ ತೊಯ್ದಿತ್ತು, ಕೈ ಮಾತ್ರ ತಣ್ಣಗೆ. "ಕಣ್ಣು ಕತ್ತಲೆ ಬರ್ತಿದೆ ಕಣೋ" ಅಂದರು. ಕೈ ಹಿಡಿದು ನಾಡಿ ನೋಡಿದೆ. ಒಂದು ಬಡಿತ ಆದ ಮೇಲೆ ಇನ್ನೊಂದು ಬರುತ್ತೋ ಇಲ್ಲವೋ ಅನ್ನುವಷ್ಟು ನಿಧಾನ. ಮೇಜಿನ ಮೇಲಿನ ಖಾಲಿ ಸ್ಟ್ರಿಪ್ ಕಂಡಾಗಲೇ ವಿಷಯ ತಿಳಿದಿದ್ದು.

ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋಣ ಅಂದರು ದೊಡ್ಡಮ್ಮ. 108ರಲ್ಲಿ ಬಂದವರು ತಡೆದರು. ಮಂಪರಿನಲ್ಲಿ ಇರುವವರಿಗೆ ವಾಂತಿ ಶ್ವಾಸಕೋಶಕ್ಕೆ ಹೋಗಬಹುದಂತೆ.

ಆಸ್ಪತ್ರೆಯಲ್ಲಿ ಬಿಪಿ 70/40, ನಾಡಿ 38. ಸಲೈನ್, ನರಕ್ಕೆ ಕ್ಯಾಲ್ಸಿಯಂ, ಬಿಪಿ ಏರಿಸುವ ಡ್ರಿಪ್ ಎಲ್ಲ ಕೊಟ್ಟರು. ಆಮೇಲೆ ಇನ್ಸುಲಿನ್ ಹಾಕಲು ಹೊರಟಾಗ ನಾನು "ಅಪ್ಪನಿಗೆ ಶುಗರ್ ಇಲ್ಲ ಡಾಕ್ಟ್ರೇ" ಅಂತ ಅಡ್ಡ ಬಂದೆ. ಈ ಮಾತ್ರೆ ಜಾಸ್ತಿಯಾದಾಗ ಹೃದಯಕ್ಕೆ ಬಲ ಕೊಡಲು ದೊಡ್ಡ ಪ್ರಮಾಣದ ಇನ್ಸುಲಿನ್ನೇ ಚಿಕಿತ್ಸೆ, ಶುಗರ್ ಬೀಳದಂತೆ ಜೊತೆಗೆ ಗ್ಲೂಕೋಸ್ ಹೋಗುತ್ತೆ ಅಂತ ಅವರು ಬಿಡಿಸಿ ಹೇಳಿದರು. ಆ ರಾತ್ರಿಯೆಲ್ಲ ಬೆರಳು ಚುಚ್ಚಿ ಚುಚ್ಚಿ ಶುಗರ್ ನೋಡುತ್ತಲೇ ಇದ್ದರು. ಅಪ್ಪನ ಕಿಡ್ನಿ ಸ್ವಲ್ಪ ದುರ್ಬಲ. ಅಟೆನೊಲಾಲ್ ಮೈಯಿಂದ ಹೊರಹೋಗುವುದು ಕಿಡ್ನಿಯಿಂದಲೇ ಆದ್ದರಿಂದ ಮೂರು ದಿನ ಐಸಿಯು.

ನುಂಗಿದ ಒಂದು ಗಂಟೆಯೊಳಗೆ ಕರೆತಂದಿದ್ದರೆ ಇದ್ದಿಲಿನ ಔಷಧಿ ಕೊಟ್ಟು ಮಾತ್ರೆ ರಕ್ತಕ್ಕೆ ಸೇರದಂತೆ ಮಾಡಲು ನೋಡಬಹುದಿತ್ತು ಅಂದರು. ಆ ಹೊತ್ತಿಗೆ ನಾನು ಪಕ್ಕದ ಕೋಣೆಯಲ್ಲೇ ಟಿವಿ ನೋಡುತ್ತಿದ್ದೆ. ಅದು ಇನ್ನೂ ಕಾಡುತ್ತದೆ.

ಜಾಸ್ತಿ ಮಾತ್ರೆ ಹೋಗಿದೆ ಅಂತ ಗೊತ್ತಾದ ತಕ್ಷಣ 108ಕ್ಕೆ ಫೋನ್ ಮಾಡಿ. ಚೆನ್ನಾಗೇ ಇದ್ದಾರಲ್ಲ ಅಂತ ಕಾಯಬೇಡಿ. ಸ್ಟ್ರಿಪ್ ಜೊತೆಗೇ ಒಯ್ಯಿರಿ, ಎಷ್ಟು ಹೊತ್ತಿಗೆ ಎಷ್ಟು ನುಂಗಿದರು ಅಂತ ಹೇಳಿ. ಬಿಪಿ ಜಾಸ್ತಿ ತೋರಿಸಿದರೆ ಐದು ನಿಮಿಷ ಸುಮ್ನೆ ಕೂತು ಮತ್ತೆ ನೋಡಿ, ಡಾಕ್ಟರಿಗೆ ಫೋನ್ ಮಾಡಿ. ಎದೆನೋವು, ಮಾತು ತೊದಲುವುದು ಇದ್ದರೆ ನೇರ ಆಸ್ಪತ್ರೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಈ ಸ್ಟ್ರಿಪ್ ಕೈಗೆಟುಕುವಂತೆ ಇಡಲೇಬೇಡಿ. ಮಗು ನುಂಗಿದ್ದು ಒಂದೇ ಮಾತ್ರೆ ಆದರೂ ಆಸ್ಪತ್ರೆಗೆ ಓಡಿ.