ಲಿಫ್ಟ್ ಪಂಪ್ ಹಾಕಿಸುವವರೇ, ಐಡಲ್‌ನಲ್ಲಿ ತೋರಿಸುವ ಪ್ರೆಷರ್ ನಂಬಬೇಡಿ

ಟ್ರಕ್‌ಗೆ ದೊಡ್ಡ ಇಂಜೆಕ್ಟರ್ ಹಾಕಿಸಿ, ಟ್ಯೂನ್ ಮಾಡಿಸಿ, ಜೊತೆಗೆ ಟ್ಯಾಂಕಿನಿಂದ ಡೀಸೆಲ್ ಎಳೆದು ಮುಂದಕ್ಕೆ ತಳ್ಳುವ ಲಿಫ್ಟ್ ಪಂಪನ್ನೂ ಜೋರಾದದ್ದು ಕೂರಿಸುವ ಯೋಚನೆ ಇದ್ದರೆ ಇದನ್ನೊಮ್ಮೆ ಓದಿ. ಇದೇ ಕೆಲಸ ಮಾಡಿಸಿದ ಮೇಲೆ ನನ್ನ ಗಾಡಿಯ ಇಂಜೆಕ್ಷನ್ ಪಂಪ್, ಅಂದರೆ ಲಿಫ್ಟ್ ಪಂಪ್ ಕೊಟ್ಟ ಡೀಸೆಲನ್ನು ಇಂಜೆಕ್ಟರುಗಳಿಗೆ ಜೋರಾಗಿ ಕಳಿಸುವ ಪಂಪ್, ಹೋಯಿತು. ಹೊಸ ಲಿಫ್ಟ್ ಪಂಪ್ ಮಾತ್ರ ಈಗಲೂ ಚೆನ್ನಾಗಿದೆ, ಹೊಟ್ಟೆ ಉರಿಸುವುದೇ ಅದು.

ಗಾಡಿ ಹಳೇ 5.9 ಲೀಟರ್ ಕಮಿನ್ಸ್, 24 ವಾಲ್ವಿನದು. ಇಂಜೆಕ್ಷನ್ ಪಂಪ್ ವಿಪಿ44. ಇದಕ್ಕೆ ಬೇರೆ ಆಯಿಲ್ ಇಲ್ಲ. ಒಳಗೆ ಹರಿಯುವ ಡೀಸೆಲ್ಲೇ ಅದಕ್ಕೆ ಎಣ್ಣೆ, ಅದನ್ನು ತಣ್ಣಗಿಡುವುದೂ ಅದೇ. ಇಂಜಿನ್ ಸುಡುವುದಕ್ಕಿಂತ ಜಾಸ್ತಿ ಡೀಸೆಲ್ ಒಳಗೆ ಹೋಗಿ, ಮಿಕ್ಕಿದ್ದು ರಿಟರ್ನ್ ಲೈನಿನಲ್ಲಿ ಟ್ಯಾಂಕಿಗೆ ವಾಪಸ್ ಬರಬೇಕು. ಅದಕ್ಕೇ ಈ ಗಾಡಿ ಇಟ್ಟುಕೊಂಡವರು ಫುಲ್ ಲೋಡಿನಲ್ಲೂ ಲಿಫ್ಟ್ ಪಂಪ್ ಕೊಡುವ ಪ್ರೆಷರ್ 10 ಪಿಎಸ್‌ಐಗಿಂತ ಕೆಳಗೆ ಇಳಿಯಲು ಬಿಡುವುದಿಲ್ಲ.

ವರ್ಕ್‌ಶಾಪಿನವರು ಪಂಪ್ ಕೂರಿಸಿ, ಸ್ಟಾರ್ಟ್ ಮಾಡಿ, ಗೇಜ್ ತೋರಿಸಿದರು. 15 ಪಿಎಸ್‌ಐ. "ನೋಡಿ ಸಾರ್, ಮುಳ್ಳು ಅಲ್ಲಾಡ್ತಾನೇ ಇಲ್ಲ" ಅಂದರು. ಐಡಲ್‌ನಲ್ಲಿ ಇಂಜಿನ್ ಕುಡಿಯುವುದೇ ಎಷ್ಟು, ಯಾಕೆ ಅಲ್ಲಾಡುತ್ತದೆ? ಓಡಿಸುವಾಗ ಕಾಣುವ ಹಾಗೆ ಗೇಜನ್ನು ಕ್ಯಾಬಿನ್ನಿನಲ್ಲಿ ಹಾಕಿ ಅಂತ ಮೊದಲೇ ಹೇಳಿದ್ದೆ. "ಆಮೇಲೆ ಹಾಕೋಣ" ಅಂತ ಬಾನೆಟ್ ಕೆಳಗೇ ಬಿಟ್ಟರು.

ಮೊದಮೊದಲು ಎಲ್ಲಾ ಸರಿ ಇತ್ತು. ಆಮೇಲೆ ಏರಿನಲ್ಲಿ ಲೋಡ್ ಎಳೆಯುವಾಗ ಪಿಕಪ್ ಇದ್ದಕ್ಕಿದ್ದ ಹಾಗೆ ಬಿದ್ದುಹೋಗುತ್ತಿತ್ತು. ಕಾಲು ಸಡಿಲ ಬಿಟ್ಟರೆ ಮತ್ತೆ ಸರಿ. ಬೆಳಿಗ್ಗೆ ಸ್ಟಾರ್ಟ್ ಆಗಲು ಜಾಸ್ತಿ ಹೊತ್ತು ಬೇಕಾಗುತ್ತಿತ್ತು. ಅವರ ಉತ್ತರ ಒಂದೇ, "ಫಿಲ್ಟರ್ ಬದಲಾಯಿಸಿ." ಬದಲಾಯಿಸಿದ್ದಾಯಿತು. ಕೊನೆಗೆ ಇಂಜಿನ್ ಕಂಪ್ಯೂಟರಿನಲ್ಲಿ ಪಿ0216 ಅನ್ನುವ ದೋಷದ ಕೋಡ್ ಬಂತು. ವಿಪಿ44 ಇರುವ ಗಾಡಿಯಲ್ಲಿ ಆ ಕೋಡ್ ಬಂದರೆ ಇಂಜೆಕ್ಷನ್ ಪಂಪಿನ ಕತೆ ಬಹುತೇಕ ಮುಗಿದ ಹಾಗೆ.

ಇನ್ನೊಬ್ಬ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಪಂಪ್ ಮುಟ್ಟಲೇ ಇಲ್ಲ. ಟ್ಯಾಂಕಿಗೂ ಲಿಫ್ಟ್ ಪಂಪಿಗೂ ನಡುವೆ, ಅಂದರೆ ಎಳೆಯುವ ಕಡೆ, ಒಳಗಿನದ್ದು ಕಾಣುವಂಥ ಒಂದು ತುಂಡು ಹೋಸ್ ಸೇರಿಸಿ ರೇಸ್ ಮಾಡಿದರು. ಸೋಡಾ ಬಾಟಲಿ ಅಲ್ಲಾಡಿಸಿದ ಹಾಗೆ ಗುಳ್ಳೆಗಳು! ಪಂಪಿನಿಂದ ಮುಂದಕ್ಕೆ ಅರ್ಧ ಇಂಚಿನ ಹೊಸ ಹೋಸ್ ಹಾಕಿದ್ದರು, ಹಿಂದೆ ಟ್ಯಾಂಕಿನ ಕಡೆ ಮಾತ್ರ ಅದೇ ಹಳೇ ಸಣ್ಣ ಪೈಪ್. ಅದರ ಕ್ಲಾಂಪ್ ಸಡಿಲ. ಎಳೆಯುವ ಕಡೆ ಸಂದಿಯಿದ್ದರೆ ಪಂಪ್ ಓಡುವಾಗ ಡೀಸೆಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ಬರುತ್ತದೆ. ಹಾಗಾಗಿ ನೆಲದ ಮೇಲೆ ಒಂದು ಹನಿಯೂ ಇಲ್ಲ, ಯಾರಿಗೂ ಅನುಮಾನ ಬರುವುದಿಲ್ಲ. ಸಾಲದ್ದಕ್ಕೆ ಪಂಪನ್ನು ಇಂಜಿನ್ ಪಕ್ಕದಲ್ಲಿ ಎತ್ತರಕ್ಕೆ ಕೂರಿಸಿದ್ದರು. ಈ ಪಂಪುಗಳು ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ಸೋಮಾರಿ. ಟ್ಯಾಂಕ್ ಹತ್ತಿರ ಚಾಸಿಯ ಮೇಲೆ, ಆದಷ್ಟು ತಗ್ಗಿನಲ್ಲಿ ಇರಬೇಕಾದ್ದು ಅದು.

ವೈರಿಂಗ್ ಇನ್ನೂ ಚಂದ. ಈ ಗಾಡಿಯಲ್ಲಿ ಕಂಪನಿ ಲಿಫ್ಟ್ ಪಂಪಿಗೆ ಕರೆಂಟ್ ಬರುವುದು ಇಂಜಿನ್ ಕಂಪ್ಯೂಟರಿನಿಂದ, ಸಣ್ಣ ವೈರಿನಲ್ಲಿ. ದೊಡ್ಡ ಪಂಪನ್ನೂ ಅದಕ್ಕೇ ಸಿಕ್ಕಿಸಿದ್ದರು. ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 14 ವೋಲ್ಟ್ ಹತ್ತಿರ ಇದ್ದರೆ ಪಂಪಿನ ಕನೆಕ್ಟರಿನಲ್ಲಿ 11 ಕೂಡ ಇರಲಿಲ್ಲ. ಆ ವೈರು ರಿಲೇ, ಅಂದರೆ ಸಣ್ಣ ಕರೆಂಟಿನಲ್ಲಿ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್, ಎಳೆಯುವುದಕ್ಕೆ ಮಾತ್ರ ಸಾಕು. ಪಂಪಿಗೆ ಬ್ಯಾಟರಿಯಿಂದ ನೇರ ದಪ್ಪ ವೈರು, ಬ್ಯಾಟರಿ ಹತ್ತಿರವೇ ಫ್ಯೂಸು, ಗಟ್ಟಿಯಾದ ಅರ್ಥ್, ಇಷ್ಟು ಬೇಕೇ ಬೇಕು. ಕಂಪ್ಯೂಟರ್ ಸುಟ್ಟುಹೋಗದೆ ಉಳಿದಿದ್ದೇ ಪುಣ್ಯ.

ಡೀಸೆಲ್ ಲೈನ್ ಜೋಡಿಸುವ, ಒಳಗೆ ತೂತಿರುವ ಬ್ಯಾಂಜೋ ಬೋಲ್ಟುಗಳ ತೂತು ಸಣ್ಣದು, ಅವನ್ನೂ ಬದಲಾಯಿಸದೆ ಬಿಟ್ಟಿದ್ದರು. ಅದು ಸಣ್ಣ ವಿಷಯ, ಬಿಡಿ.

ಗೇಜ್ ಹಾಕಿಸುವಾಗ ಒಂದು ಗಮನಿಸಿ. ಡೀಸೆಲ್ ಲೈನನ್ನೇ ಕ್ಯಾಬಿನ್ ಒಳಗೆ ತರಲು ಬಿಡಬೇಡಿ, ಸೆನ್ಸಾರ್ ಇರುವ ಎಲೆಕ್ಟ್ರಿಕ್ ಗೇಜೇ ಸಾಕು. ವಿಪಿ44 ಲೈನಿನಲ್ಲಿ ಪ್ರೆಷರ್ ಬಡಿಯುತ್ತಲೇ ಇರುತ್ತದೆ, ಸೆನ್ಸಾರ್ ಬೇಗ ಸಾಯುತ್ತದೆ. ನಡುವೆ ದಾರಿಯನ್ನು ಸಣ್ಣ ಮಾಡುವ ಒಂದು ನೀಡಲ್ ವಾಲ್ವ್ ಇಟ್ಟು ಸ್ವಲ್ಪವೇ ತೆರೆದಿಟ್ಟರೆ ತಡೆಯುತ್ತದೆ.

ಮೊದಲ ವರ್ಕ್‌ಶಾಪಿಗೆ ಹೋಗಿ ಕೇಳಿದ್ದಕ್ಕೆ, "ನಾವು ಹಾಕಿದ ಪಂಪ್ ಚೆನ್ನಾಗೇ ಇದೆಯಲ್ವಾ ಸಾರ್?" ಅಂದರು. ಬಿಲ್ಲಿನಲ್ಲೂ ಲಿಫ್ಟ್ ಪಂಪ್ ಹಾಕಿದೆ ಅಂತ ಮಾತ್ರ ಇತ್ತು. ಅದಕ್ಕೇ ಹೇಳುವುದು, ದುಡ್ಡು ಕೊಡುವ ಮೊದಲು ಲೋಡ್ ಹಾಕಿ ಏರು ಹತ್ತಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮುಳ್ಳು ಎಲ್ಲಿ ನಿಲ್ಲುತ್ತದೆ ನೋಡಿ. ಪಂಪ್ ಓಡುವಾಗ ಕನೆಕ್ಟರಿನಲ್ಲಿ ಎಷ್ಟು ವೋಲ್ಟ್ ಇದೆ ಅಂತ ಅಳೆಸಿ. ಎರಡನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ಕೀ ತಗೊಂಡು ಬೇರೆ ಕಡೆ ಹೋಗಿ.