ನಿಂಬೆ, ಮೋಸಂಬಿ, ಕಿತ್ತಳೆ, ಚಕ್ಕೋತ: ಐಸ್‌ಕ್ಯಾಂಡಿಗೆ ಯಾವುದು?

ಬೇಸಿಗೆ ರಜೆ, ಮಕ್ಕಳ ಕಾಟ. ನಾಲ್ಕು ಬಗೆಯ ಹಣ್ಣು ತಂದು ಮನೆಯಲ್ಲೇ ಐಸ್‌ಕ್ಯಾಂಡಿಗೆ ಇಳಿದೆ. ಅಚ್ಚು ಗಿಚ್ಚು ಇಲ್ಲ. ಸ್ಟೀಲ್ ಲೋಟ, ಬಾಯಿಗೆ ಫಾಯಿಲ್, ನಡುವೆ ಒಂದು ಕಡ್ಡಿ.

ಮೋಸಂಬಿಯೇ ಗೆಲ್ಲುತ್ತೆ ಅಂದುಕೊಂಡಿದ್ದೆ. ಹಿಂಡಿದಾಗ ಅಷ್ಟು ಸಿಹಿಯಾಗಿದ್ದ ರಸ ಬೆಳಗಾಗುವಷ್ಟರಲ್ಲಿ ಕಹಿ! ಬೀಜದಲ್ಲಿ, ತೊಳೆಯ ಪೊರೆಯಲ್ಲಿರುವ ಅಂಶ ರಸದ ಹುಳಿಗೆ ಸಿಕ್ಕಿ ನಿಧಾನವಾಗಿ ಲಿಮೋನಿನ್ ಆಗುತ್ತೆ, ಕಹಿ ಅದರದ್ದು. ಜ್ಯೂಸ್ ಅಂಗಡಿಯಲ್ಲಿ ಹಿಂಡಿದ ಕೂಡಲೇ ಕುಡಿಯುವುದರಿಂದ ನಮಗೆ ಗೊತ್ತಾಗಲ್ಲ. ಎರಡನೇ ಸಲ ಮಿಕ್ಸಿ ಬಿಟ್ಟು, ಬೀಜ ತೆಗೆದು ಕೈಯಲ್ಲೇ ಮೆಲ್ಲಗೆ ಹಿಂಡಿದೆ. ಕಹಿ ತಗ್ಗಿತು, ಆದರೆ ಸಪ್ಪೆ. ತಣ್ಣಗಾದಷ್ಟೂ ನಾಲಿಗೆಗೆ ಸಿಹಿ ಹತ್ತುವುದು ಕಡಿಮೆ.

ಕಿತ್ತಳೆಯ ಕಥೆಯೂ ಸುಮಾರಾಗಿ ಅಷ್ಟೇ. ಕೊಡಗಿನದು ಸಿಗಲಿಲ್ಲ, ನಾಗಪುರದ್ದು ತಂದೆ. ಬಣ್ಣಕ್ಕೆ ಮಕ್ಕಳು ಮರುಳಾದರು. ರುಚಿಗೆ ಮಾತ್ರ ಅರ್ಧ ಹೋಳು ನಿಂಬೆ ಹಿಂಡಲೇಬೇಕಾಯಿತು.

ಅಂದಮೇಲೆ ನಿಂಬೆಯನ್ನೇ ಯಾಕೆ ಮಾಡಬಾರದು? ನಾಲ್ಕು ಹಣ್ಣು, ಅರ್ಧ ಲೀಟರ್ ನೀರು. ಮೊದಲು ನಾಲ್ಕೇ ಚಮಚ ಸಕ್ಕರೆ ಹಾಕಿದೆ. ಎರಡು ಸಲ ಚೀಪಿದರೆ ರಸವೆಲ್ಲ ಬಾಯಿಗೆ ಬಂದು ಕಡ್ಡಿಗೆ ಬೆಳ್ಳನೆಯ ಗಡ್ಡೆ ಉಳಿಯಿತು, ಥೇಟ್ ಶಾಲೆಯ ಗೇಟಿನ ಮುಂದೆ ಸೈಕಲ್ ಮೇಲೆ ಬರುತ್ತಿದ್ದ ಕೆಂಪು ಕ್ಯಾಂಡಿಯ ಹಾಗೆ. ರೇಗಿ 250 ಗ್ರಾಂ ಸುರಿದೆ. ಅದು ಗಟ್ಟಿಯೇ ಆಗದೆ, ಎಳೆದರೆ ಕಡ್ಡಿ ಮಾತ್ರ ಕೈಗೆ ಬಂತು. 125 ಗ್ರಾಂ ಸರಿಹೋಯಿತು. ಸಿಪ್ಪೆಯ ಮೇಲ್ಪದರ ಮಾತ್ರ ತುರಿದು ಸಕ್ಕರೆಯ ಜೊತೆ ಬೆರಳಲ್ಲಿ ತಿಕ್ಕಿ. ಸಕ್ಕರೆ ಒದ್ದೆಯಾಗಿ ಘಮ್ಮೆನ್ನುತ್ತೆ. ಒಂದು ಚಿಟಿಕೆ ಉಪ್ಪು, ಎರಡು ಏಲಕ್ಕಿ. ಲೋಟವನ್ನು ನಲ್ಲಿಯ ನೀರಿಗೆ ಹತ್ತು ಸೆಕೆಂಡ್ ಹಿಡಿದು ತಿರುಗಿಸಿದರೆ ಸರಕ್ಕನೆ ಜಾರಿ ಬರುತ್ತೆ.

ಚಕ್ಕೋತವನ್ನು ಹಿಂಡಲು ಹೋಗಬೇಡಿ. ಪೊರೆ ಪೂರ್ತಿ ಸುಲಿದು (ಅರ್ಧ ಗಂಟೆ, ಉಗುರೆಲ್ಲ ಉರಿ) ಗುಲಾಬಿ ಎಸಳುಗಳನ್ನು ಬಿಡಿಸಿ ಇದೇ ನಿಂಬೆ ಪಾನಕದಲ್ಲಿ ಮುಳುಗಿಸಿಟ್ಟೆ. ಕಚ್ಚಿದಾಗ ಹರಳು ಹರಳಾಗಿ ಒಡೆಯುತ್ತೆ. ನನ್ನ ಮಟ್ಟಿಗೆ ಅದಕ್ಕೇ ಮೊದಲ ಸ್ಥಾನ. ಆದರೆ ದಿನಾ ಆ ಸುಲಿಯುವ ಕೆಲಸ ಯಾರು ಮಾಡುತ್ತಾರೆ?

ಸದ್ಯ ಫ್ರೀಜರಿನಲ್ಲಿ ಆರು ನಿಂಬೆ, ಎರಡು ಚಕ್ಕೋತ. ಅತ್ತೆ ಕಾಫಿಗೆ ಲೋಟ ಹುಡುಕುತ್ತಿದ್ದಾರೆ.